ಪದುಮಕ್ಕನ ಬಟ್ಟೆಗೆ ದೇವಿ ಬರೆದ ಸುಳ್ಳು

"ಇನ್ನೂರು ವರ್ಷದ ದೀಪ. ಕೈ ಒದ್ದೆಯಿದ್ದರೆ ಮುಟ್ಟಬೇಡಿ."

ಹೀಗೆಂದು ಹಿತ್ತಾಳೆಯ ತೂಗುದೀಪವನ್ನು ಮೇಜಿನ ಮೇಲಿಟ್ಟವನನ್ನು ಮರುದೇವಿ ನೆಟ್ಟಗೆ ನೋಡಿದಳು. ಎತ್ತರದ ಆಳು. ಜೀಪಿನ ಧೂಳು ಹುಬ್ಬಿನ ಮೇಲೂ ಕೂತಿತ್ತು. ಮುಖದ ತುಂಬ ಗೆದ್ದವನ ನಗು.

ಅವಳು ದೀಪವನ್ನು ಬುಡಮೇಲು ಮಾಡಿದಳು. ಒಳ ಅಂಚನ್ನು ಉಗುರಿನಿಂದ ಗೀರಿದಳು. ಮೂಸಿದಳು.

"ನಲವತ್ತು ವರ್ಷವೂ ಇರಲಿಕ್ಕಿಲ್ಲ. ಉತ್ತರದ ಯಾವುದೋ ಕಾರ್ಖಾನೆಯದ್ದು. ಹುಳಿ ತಿಕ್ಕಿ, ಮಣ್ಣಲ್ಲಿ ಹೂತು, ಮುದುಕನ ವೇಷ ಹಾಕಿಸಿದ್ದಾರೆ."

"ಏನು?"

"ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಅಂದೆ."

"ನಾಲ್ಕು ಮನೆ ಅಲೆದು ತಂದಿದ್ದೀನಿ ಇದನ್ನ!"

"ಐದನೇ ಮನೆಗೂ ಹೋಗಬೇಕಿತ್ತು."

ಮಲಯಾಳದಲ್ಲಿ ಶುರುವಾದ ಜಗಳ ಯಾವಾಗ ಕನ್ನಡಕ್ಕೆ ಹೊರಳಿತೋ ಇಬ್ಬರಿಗೂ ತಿಳಿಯಲಿಲ್ಲ. ತಿಳಿದ ಕೂಡಲೇ ಇಬ್ಬರೂ ಮಾತು ನಿಲ್ಲಿಸಿದರು. ಶಾಲೆ, ಕಚೇರಿ, ಬಸ್ಸು, ಅಂಗಡಿ ಎಲ್ಲಾ ಕಡೆ ಮಲಯಾಳ ನಡೆಯುವ ವಯನಾಡಿನಲ್ಲಿ ಕನ್ನಡವೆಂದರೆ ಅಡುಗೆಮನೆಯ ಭಾಷೆ. ಅದನ್ನು ಅಪರಿಚಿತನೊಬ್ಬನ ಬಾಯಲ್ಲಿ, ಅದೂ ಸಿಟ್ಟಿನಲ್ಲಿ ಕೇಳಿದರೆ ಹುಡುಗಿಗೆ ಹೇಗಾಗಬೇಡ?

"ನೀವು ಬಸದಿಗೆ ಹೋಗುವವರಾ?" ಎಂದು ಕೇಳಿದ ಆತ, ದನಿ ತಗ್ಗಿಸಿ.

"ಹೂಂ. ನೀವು?"

"ನಾವೂ ಜೈನರೇ. ಪನಮರಂ ಕಡೆ. ವಿನೀತ್ ಅಂತ."

ಒಳಗಿಂದ ಬಂದ ಅಂಗಡಿಯ ಯಜಮಾನ ಸುಕುಮಾರನ್ ಇಬ್ಬರ ಮುಖವನ್ನೂ ನೋಡಿ ನಕ್ಕರು. "ಪರಿಚಯ ಆಯ್ತಲ್ಲ? ಇನ್ಮೇಲೆ ಇವನು ತರ್ತಾನೆ. ಅದು ಎಲ್ಲಿಯದು, ಯಾವ ಕಾಲದ್ದು ಅಂತ ಮೋಳು ಹೇಳ್ತಾಳೆ."

ಮೋಳು, ಎಂದರೆ ಮಗಳು. ಎಲ್ಲರಿಗೂ ಸುಕುಮಾರೇಟ್ಟ, ಅಂದರೆ ಸುಕುಮಾರಣ್ಣ, ಆಗಿದ್ದ ಅವರು ದೇವಿಯನ್ನು ಕರೆಯುತ್ತಿದ್ದುದೇ ಹಾಗೆ.

ಅಲ್ಲಿಂದ ಎರಡು ವರ್ಷ ಕಳೆಯಿತು.

ಮೀನಂಗಡಿಯ ಹೆದ್ದಾರಿ ಬದಿಯ ಆ ಅಂಗಡಿಗೆ ಒಡೆದ ಮನೆಗಳ ಬಾಗಿಲು, ಚಿತ್ರಪಟ, ದೀಪ, ಸೀರೆ, ಹಾಸು, ಪರದೆ ಎಲ್ಲವೂ ಬರುತ್ತಿದ್ದವು. ಬಟ್ಟೆಯಾದರೆ ದೇವಿ ಮೊದಲು ಹಿಂಬದಿ ನೋಡುವಳು. ಕೈಹೊಲಿಗೆಯ ಹಿಂಬದಿಯಲ್ಲಿ ಹೊಲಿದವಳ ಸ್ವಭಾವ ಇರುತ್ತದೆ ಎಂದು ಅವಳ ಅಜ್ಜಿ ಹೇಳುತ್ತಿದ್ದರು. ಬಿಳಿ ಚಿಂದಿಯನ್ನು ಒದ್ದೆ ಮಾಡಿ ಕೆಂಪಿನ ಮೇಲೆ ಒತ್ತುವಳು; ಬಣ್ಣ ಬಿಟ್ಟರೆ ಈಚಿನದು, ಬಿಡದಿದ್ದರೆ ಹಳೆಗಾಲದ್ದು. ಆಮೇಲೆ ಒಂದು ಚೀಟಿಯಲ್ಲಿ ಅದರ ಮೂಲ ಬರೆದು ಮೂಲೆಗೆ ಕಟ್ಟುವಳು.

ಆ ಚೀಟಿಯೇ ಬಟ್ಟೆಯ ಆಯುಷ್ಯ. ಮೂಲ ಸಿಕ್ಕ ಬಟ್ಟೆ ಇಡಿಯಾಗಿ ಗಾಜಿನ ಬೀರುವಿಗೆ ಹೋಗುತ್ತಿತ್ತು. ಮೂಲವಿಲ್ಲದ್ದು ಹಿಂದಿನ ಬುಟ್ಟಿಗೆ ಬಿದ್ದು, ಬತ್ತೇರಿಯ ಟೈಲರ್ ಕುಮಾರನ್ ಕೈ ಸೇರಿ, ಪ್ರವಾಸಿಗರ ಚೀಲವೋ ದಿಂಬಿನ ಗವಸೋ ಆಗುತ್ತಿತ್ತು. ದೇವಿ ಬರೆದದ್ದನ್ನು ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಅವಳ ಮಾತು ಅಂದರೆ ಮಾತು.

ವಿನೀತ್ ಅಂತೂ ಕೇಳುವ ಪ್ರಶ್ನೆಯೇ ಇಲ್ಲ. "ದೇವಿ ಹೇಳಿದ ಮೇಲೆ ಮುಗೀತು," ಎನ್ನುವನು.

ಇಷ್ಟೆಲ್ಲ ಹಿಂಬದಿ ನೋಡಬಲ್ಲ ಹುಡುಗಿಗೆ ತನ್ನ ಮನಸ್ಸಿನ ಹಿಂಬದಿ ನೋಡಿಕೊಳ್ಳಲು ಮಾತ್ರ ಪುರುಸೊತ್ತಾಗಿರಲಿಲ್ಲ! ಜೀಪಿನ ಸದ್ದು ಕೇಳಿದರೆ ಕೂದಲು ಸರಿಮಾಡಿಕೊಳ್ಳುವಳು. ಅವನು ಬಂದಾಗ ತಲೆ ತಗ್ಗಿಸಿ ಕೆಲಸದಲ್ಲಿ ಮುಳುಗಿದ ಹಾಗೆ ಮಾಡುವಳು. ಸುಕುಮಾರೇಟ್ಟನಿಗೆ ಅರ್ಥವಾಗದ ಕನ್ನಡದಲ್ಲಿ ಇಬ್ಬರೂ ಅವರ ಬಗ್ಗೆಯೇ ತಮಾಷೆ ಮಾಡಿ ನಗುವರು. ಅಷ್ಟೇ. ಅದರಾಚೆ ಯಾರೂ ಒಂದು ಮಾತೂ ಆಡಿರಲಿಲ್ಲ.

ಹಾಗಿರುವಾಗ ಒಂದು ದಿನ ಜೀಪಿನ ಮುಂದಿನ ಸೀಟಿನಿಂದ ಸಜಿತ ಇಳಿದಳು.

"ಇವಳು ಸಜಿತ. ಮುಳ್ಳನ್‌ಕೊಲ್ಲಿ. ಮೆಣಸಿನ ತೋಟದವರು," ಎಂದ ವಿನೀತ್.

ಬೆಳ್ಳಗಿನ ಹುಡುಗಿ, ಇಪ್ಪತ್ತನಾಲ್ಕೋ ಐದೋ. ನಕ್ಕರೆ ಕೆನ್ನೆಯಲ್ಲಿ ಗುಳಿ. ದೇವಿ ತಾನು ತೊಟ್ಟಿದ್ದ ಮಾಸಲು ಚೂಡಿದಾರವನ್ನು ಒಮ್ಮೆ ನೋಡಿಕೊಂಡಳು.

"ವಿನೀತೇಟ್ಟಾ, ಇದೇನು?" "ವಿನೀತೇಟ್ಟಾ, ಅದೇನು?" ಎನ್ನುತ್ತ ಆಕೆ ಅಂಗಡಿ ಪೂರ್ತಿ ಓಡಾಡಿದಳು. ಅವನೂ ಹಿಂದೆ ಹಿಂದೆಯೇ.

'ಏಟ್ಟಾ ಅಂತೆ ಏಟ್ಟಾ... ಎಷ್ಟು ದಿನದ ಪರಿಚಯವೋ!' ದೇವಿ ಸೂಜಿಯನ್ನು ಬಟ್ಟೆಗೆ ಚುಚ್ಚುವ ಬದಲು ಬೆರಳಿಗೆ ಚುಚ್ಚಿಕೊಂಡಳು.

ಮುಂದಿನ ವಾರ ಮತ್ತೆ ಬಂದಳು. ಅದರ ಮುಂದಿನ ವಾರವೂ. ಮೂರನೇ ಸಲ ಬಂದವಳು ನೇರ ದೇವಿಯ ಮೇಜಿನ ಮುಂದೆ ನಿಂತು, ಕೈ ಹಿಂದೆ ಕಟ್ಟಿ, ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ಚೇಚಿ, ಊಟ... ಆಯಿತಾ?"

ಅಕ್ಕ ಎನ್ನುವ ಆ 'ಚೇಚಿ' ಒಂದು ಬಿಟ್ಟರೆ ಪೂರ್ತಿ ಕನ್ನಡ!

ಎರಡು ವರ್ಷ ಆ ಅಂಗಡಿಯಲ್ಲಿ ಇಬ್ಬರಿಗೇ ಸೇರಿದ್ದ ಮಾತು ಅದು. ಅವಳು ವಿನೀತನತ್ತ ನೋಡಿದಳು. ಅವನು ಮಗುವಿಗೆ ನಡೆಯಲು ಕಲಿಸಿದ ಅಪ್ಪನ ಹಾಗೆ ಬೀಗುತ್ತ ನಿಂತಿದ್ದ.

"ಹೇಗಿದೆ ನನ್ನ ಶಿಷ್ಯೆ? ಅತ್ತೆ ಮನೇಲಿ ಮಾತಾಡಬೇಕಲ್ಲ, ಅದಕ್ಕೆ ದಿನಾ ಫೋನಲ್ಲಿ ಪಾಠ."

ಸಜಿತ ನಾಚಿ ಅವನ ತೋಳಿಗೆ ಹೊಡೆದಳು.

ಅತ್ತೆ ಮನೆ. ಕನ್ನಡ ಮಾತಾಡುವ ಅತ್ತೆ. ವಿನೀತನ ತಾಯಿ ಸರೋಜಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲವೆಂದು ದೇವಿಗೆ ಗೊತ್ತಿತ್ತು. ಇನ್ನು ಲೆಕ್ಕ ಹಾಕಲು ಏನು ಉಳಿಯಿತು?

"ಆಯ್ತು," ಎಂದಳು ದೇವಿ. "ನನ್ನ ಊಟ ಆಯ್ತು."

ಆ ಸಂಜೆ ಸೂರ್ಯ ಮುಳುಗುವ ಮುಂಚೆ ಮನೆಯಲ್ಲಿ ಎಲ್ಲರ ಊಟವಾಯಿತು, ಅವಳದೊಂದು ಬಿಟ್ಟು. 'ನನಗೇನಾಗಬೇಕು ಅವನು? ಯಾರಿಗೆ ಬೇಕಾದರೂ ಕಲಿಸಲಿ!' ಎಂದು ನೂರು ಸಲ ಹೇಳಿಕೊಂಡಳು. ನೂರು ಸಲ ಹೇಳಿಕೊಳ್ಳಬೇಕಾದ ಮಾತು ನಿಜವಾಗಿರುವುದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ಅವಳಿಗೆ ಆ ಹುಡುಗಿಯ ನಗು, ನಡೆ, ಕೆನ್ನೆಯ ಗುಳಿ ಎಲ್ಲವೂ ಬೇಕೆಂದೇ ತನ್ನನ್ನು ಚುಚ್ಚಲು ಬಂದ ಹಾಗೆ ಕಾಣುತ್ತಿದ್ದವು.

ನಾಲ್ಕನೇ ಸಲ ಸಜಿತ ಬರಿಗೈಯಲ್ಲಿ ಬರಲಿಲ್ಲ. ಒಗೆದ ಮುಂಡಿನಲ್ಲಿ ಸುತ್ತಿದ ಒಂದು ಗಂಟನ್ನು ಎದೆಗವಚಿಕೊಂಡು ಬಂದಿದ್ದಳು.

"ಮುತ್ತಜ್ಜ ಮನೆ ಕೊಂಡಾಗಲೇ ಅಟ್ಟದಲ್ಲಿತ್ತಂತೆ, ಚೇಚಿ. ದೇವರ ಬಟ್ಟೆ, ಇದರ ಮೇಲೆ ಕೂರಬಾರದು, ಮಲಗಬಾರದು ಅಂತ ಮುತ್ತಜ್ಜಿ ಹೇಳ್ತಿದ್ದರು. ಯಾರದು ಅಂತ ಯಾರಿಗೂ ಗೊತ್ತಿಲ್ಲ. ಚೇಚಿ ನೋಡಿ ಹೇಳಬೇಕು."

ದೇವಿ ಅದನ್ನು ಕಿಟಕಿಯ ಬೆಳಕಿಗೆ ಹಾಸಿದಳು. ಎರಡು ಮೊಳದ ಚೌಕ, ಒಂದು ಮೂಲೆಗೆ ಉದ್ದನೆಯ ಲಾಡಿ. ಕೆಂಪಿನ ಮೇಲೆ ಒದ್ದೆ ಚಿಂದಿ ಒತ್ತಿದಳು. ಬಣ್ಣ ಬಿಡಲಿಲ್ಲ. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಕೈಯಲ್ಲಿ ನೂತದ್ದು. ಮಡಿಕೆಯ ಗೆರೆಗಳು ಶಾಲಿನದ್ದಲ್ಲ, ಸೀರೆಯದ್ದಲ್ಲ. ಉದ್ದುದ್ದ, ಮೂರು ಬೆರಳಗಲ. ಒಳಮೈಗೆ ಕಾಡಿಗೆಯ ಹಾಗೆ ಕಪ್ಪು ಹತ್ತಿತ್ತು.

ಮೂರು ಬೆರಳಗಲ ಅಂದರೆ ತಾಳೆಗರಿಯ ಅಗಲ. ಕಪ್ಪು ಅಂದರೆ ಗರಿಯ ಅಕ್ಷರಕ್ಕೆ ಹಚ್ಚಿದ ಮಸಿ. ಇದು ಓಲೆಗ್ರಂಥ ಸುತ್ತಿಡುತ್ತಿದ್ದ ಬಟ್ಟೆ!

ಹಿಂಬದಿ ತಿರುಗಿಸಿದಳು. ಮುಂದೆ ಸವೆದು ಬಳ್ಳಿಯ ಹಾಗೆ ಕಾಣುತ್ತಿದ್ದ ಹೊಲಿಗೆ ಹಿಂದೆ ಹೊಸದರಂತೆ ಉಳಿದಿತ್ತು. ತಿರುಗುಮುರುಗಾದ ಹಳೆಗಾಲದ ಕನ್ನಡ ಅಕ್ಷರಗಳು. ಅಂಗಡಿಯಲ್ಲಿ ಕನ್ನಡ ಓದಲು ಬರುತ್ತಿದ್ದುದು ಅವಳೊಬ್ಬಳಿಗೇ. ವಿನೀತ್ ಮಾತಾಡುತ್ತಿದ್ದ, ಶಾಲೆಯಲ್ಲಿ ಓದಿದ್ದು ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ದೇವಿಗೆ ಮಾತ್ರ ಅಜ್ಜಿ ಶಾಸ್ತ್ರ ಓದಲೆಂದು ಕಲಿಸಿದ್ದರು.

'ಅನಂತ ನೋಂಪಿಯ ಉದ್ಯಾಪನೆಗೆ ಪದುಮಕ್ಕನು ಮಾಡಿದ್ದು.'

ಹದಿನಾಲ್ಕು ವರ್ಷದ ವ್ರತ. ಹದಿನಾಲ್ಕು ವರ್ಷ ಉಪವಾಸ ಮಾಡಿ, ಮುಗಿಸಿದ ದಿನ ಗ್ರಂಥವೊಂದನ್ನು ಬರೆಸಿ, ತನ್ನ ಕೈಯಾರೆ ಹೊಲಿದ ಬಟ್ಟೆಯಲ್ಲಿ ಸುತ್ತಿ ದಾನ ಕೊಟ್ಟ ಹೆಂಗಸು. ನೂರೈವತ್ತು ವರ್ಷವಾದರೂ ಆಗಿರಬೇಕು.

ಇಂಥದ್ದು ಸಿಕ್ಕಾಗಲೆಲ್ಲ ದೇವಿ ತಲೆಯೆತ್ತಿ ಮೊದಲು ವಿನೀತನಿಗೇ ಹೇಳುವುದು. ಆವತ್ತೂ ತಲೆಯೆತ್ತಿದಳು.

ಅವನು ಇವಳನ್ನು ನೋಡುತ್ತಿರಲಿಲ್ಲ. ಕಣ್ಣು ತುಂಬಿಕೊಂಡು ನಿಂತ ಸಜಿತಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳುತ್ತಿದ್ದ.

"ಯಾತಕ್ಕೆ ಬೇಕಿತ್ತು ಇದರ ಮೂಲ?" ದೇವಿಯ ದನಿ ಅವಳಿಗೇ ಬೇರೆಯವರದ್ದೆನಿಸಿತು.

"ಮದುವೆ ವಿಷಯ ಚೇಚಿ..." ಸಜಿತ ವಿನೀತನತ್ತ ನೋಡಿ ಕೆಂಪಾದಳು. "ಹುಡುಗನ ತಾಯಿಗೆ ಕೊಡಲಿಕ್ಕೆ. ನಿಮ್ಮವರದ್ದೇ ಏನಾದರೂ ಆಗಿದ್ದರೆ... ಅವರು ನನ್ನ ಒಪ್ಪಬಹುದು ಅಂತ."

ಓದುಗರೇ, ಇಲ್ಲಿ ನಾನು ನಮ್ಮ ಹುಡುಗಿಯ ಪರ ವಕಾಲತ್ತು ಮಾಡುವುದಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು. ಬಟ್ಟೆ ಯಾವುದೆಂದು ಗೊತ್ತಿತ್ತು, ಮೂಲವಿಲ್ಲದ ಬಟ್ಟೆ ಎಲ್ಲಿಗೆ ಹೋಗುತ್ತದೆಂದೂ ಗೊತ್ತಿತ್ತು. 'ಸರೋಜಮ್ಮನ ಕೈಗೆ ಇವಳು ಕೊಡುವುದು, ನಾನು ಚೀಟಿ ಬರೆದು ಕಟ್ಟಿಕೊಡುವುದು...' ಅಷ್ಟೇ ಆ ಹೊತ್ತಿನಲ್ಲಿ ತಲೆಯಲ್ಲಿದ್ದದ್ದು.

"ಮಿಲ್ ಬಟ್ಟೆ," ಎಂದಳು. "ಐವತ್ತು ವರ್ಷವೂ ಆಗಿಲ್ಲ. ಹೊಲಿದಿರೋದು ಬರೀ ಬಳ್ಳಿ. ಮೂಲ ಅಂತ ಏನೂ ಇಲ್ಲ."

ಸಜಿತಳ ಮುಖ ಬಾಡಿತು. "ಚೇಚಿ... ಇನ್ನೊಂದು ಸಲ..."

"ದೇವಿ ಹೇಳಿದ ಮೇಲೆ ಮುಗೀತು, ಸಜಿತ," ಎಂದ ವಿನೀತ್, ನೊಂದ ದನಿಯಲ್ಲಿ. "ಅವಳ ಕಣ್ಣು ತಪ್ಪಲ್ಲ."

ದೇವಿಗೆ ಹೊಡೆತ ಬಿದ್ದದ್ದು ಅಲ್ಲಿ. ಬೈದಿದ್ದರೆ, ಅನುಮಾನಪಟ್ಟಿದ್ದರೆ ಅಲ್ಲೇ ನಿಜ ಹೇಳಿಬಿಡುತ್ತಿದ್ದಳೋ ಏನೋ. ಅವನು ನಂಬಿದ.

"ಹಾಗಾದರೆ ಇಲ್ಲೇ ಇರಲಿ," ಎಂದು ಸಜಿತ ಕಣ್ಣೊರೆಸಿಕೊಂಡು ಹೊರಟಳು. ದೇವಿ 'ಮೂಲ ಇಲ್ಲದ್ದು' ಎಂದು ಚೀಟಿ ಬರೆದು ಮೂಲೆಗೆ ಕಟ್ಟಿದಳು. ಸುಕುಮಾರೇಟ್ಟ ಬಟ್ಟೆಯನ್ನೆತ್ತಿ ಹಿಂದಿನ ಬುಟ್ಟಿಗೆ ಹಾಕಿದರು.

ಮನೆಗೆ ಹೊರಡುವ ಮುಂಚೆ ಅದನ್ನು ಬುಟ್ಟಿಯಿಂದ ತೆಗೆಯಲು ದೇವಿಗೆ ಎರಡು ಗಂಟೆ ಸಮಯವಿತ್ತು. ತೆಗೆಯಲಿಲ್ಲ. ನಾಳೆ ಬೆಳಿಗ್ಗೆ ಬೇಗ ಬಂದು ತೆಗೆದಿಡುತ್ತೇನೆ, ಒಂದು ವಾರ ಬಿಟ್ಟು ಮತ್ತೆ ನೋಡಿದೆ ಅಂತ ಹೇಳುತ್ತೇನೆ ಎಂದುಕೊಂಡಳು.

ಬೆಳಿಗ್ಗೆ ಬಂದಾಗ ಬುಟ್ಟಿ ಖಾಲಿಯಾಗಿತ್ತು.

"ಕುಮಾರನ್ ನಿನ್ನೆ ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಬಂದು ಎಲ್ಲಾ ಕಟ್ಟಿಕೊಂಡು ಹೋದ," ಎಂದರು ಸುಕುಮಾರೇಟ್ಟ. "ಯಾವುದೋ ರೆಸಾರ್ಟಿನವರಿಗೆ ಗವಸು ಅರ್ಜೆಂಟಂತೆ. ಯಾಕೆ ಮೋಳೇ, ಏನಾಯ್ತು?"

ಬಾಗಿಲಲ್ಲಿ ವಿನೀತ್ ನಿಂತಿದ್ದ. ರಾತ್ರಿ ನಿದ್ದೆ ಮಾಡಿದವನ ಮುಖವಲ್ಲ.

"ನಿನ್ನೆ ನಿನಗೆ ಎಲ್ಲ ಹೇಳಬೇಕಿತ್ತು ದೇವಿ," ಎಂದ ಕನ್ನಡದಲ್ಲಿ. "ಹೇಳಬೇಡ ಅಂತ ಶರತ್ ಆಣೆ ಹಾಕಿಸಿದ್ದ. ಒಂದು ಬಸದೀಲಿ ಬೆಳಿಗ್ಗೆ ಬಾಯಿಬಿಟ್ಟರೆ ಸಂಜೆಗೆ ಗುಂಡ್ಲುಪೇಟೆ ಮುಟ್ಟತ್ತೆ, ನಮ್ಮ ಜನ ಹಾಗಲ್ವಾ? ಇನ್ನು ಮುಚ್ಚಿಟ್ಟು ಏನು ಪ್ರಯೋಜನ."

"ಯಾವ ಶರತ್?"

"ನನ್ನ ಜೊತೆ ಮೈಸೂರಲ್ಲಿ ಓದಿದವನು. ಗುಂಡ್ಲುಪೇಟೆಯ ಜೈನರ ಹುಡುಗ. ಸಜಿತಳನ್ನ ಮೆಚ್ಚಿದ್ದಾನೆ. ಅವನ ತಾಯಿ, ಬೇರೆ ಜಾತಿ ಬೇರೆ ಭಾಷೆ ಅಂತ ಮಗನ ಹತ್ತಿರ ಮಾತೇ ಬಿಟ್ಟಿದ್ದಾರೆ. ಆ ಬಟ್ಟೆ ಬಸದಿಯದ್ದು ಅಂತ ಆಗಿದ್ದರೆ... ನಿಮ್ಮ ದೇವರದ್ದನ್ನ ಇವರ ಮನೆಯವರು ಇಷ್ಟು ಕಾಲ ಕಾಪಾಡಿದ್ದಾರೆ ಅಂತ ತೋರಿಸಿ ಒಂದು ಮಾತು ಆಡಬಹುದಿತ್ತು. ಅದೊಂದೇ ದಾರಿ ಇತ್ತು ಅವಳಿಗೆ. ಶರಿ, ಆಗಲಿಲ್ಲ."

ದೇವಿ ಮೇಜನ್ನು ಹಿಡಿದುಕೊಂಡಳು.

"ಜೀಪ್ ತೆಗೀರಿ," ಎಂದಳು.

"ಎಲ್ಲಿಗೆ?"

"ಬತ್ತೇರಿಗೆ. ಕುಮಾರನ್ ಅಂಗಡಿಗೆ. ಈಗಲೇ."

ಜೀಪು ಒಂದು ಮೈಲಿ ಹೋಯಿತು. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದಳು.

"ಅದು ಮಿಲ್ ಬಟ್ಟೆ ಅಲ್ಲ."

"ಏನಂದೆ?"

"ಓಲೆಗ್ರಂಥದ ಬಟ್ಟೆ. ಪದುಮಕ್ಕ ಅನ್ನೋರು ಅನಂತ ನೋಂಪಿ ಮುಗಿಸಿ ಕೊಟ್ಟದ್ದು. ಹೆಸರು ಹೊಲಿದಿದೆ. ನಾನು ಓದಿದೆ. ನೀವಿಬ್ಬರೂ ಎದುರಿಗೆ ನಿಂತಿರೋವಾಗಲೇ ಓದಿದೆ."

ವಿನೀತ್ ಜೀಪನ್ನು ರಸ್ತೆ ಬದಿಗೆ ಇಳಿಸಿ ನಿಲ್ಲಿಸಿದ. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತ ದಾಟಿಹೋಯಿತು.

"ಮತ್ತೆ ಯಾಕೆ ಹಾಗಂದೆ?"

"ಹೊಟ್ಟೆಕಿಚ್ಚು."

"ಸಜಿತ ಮೇಲೆ?"

"ಹೂಂ."

"ಅವಳು ನಿನಗೇನು ಮಾಡಿದ್ದಳು?"

ದೇವಿ ಅಲ್ಲಿಗೆ ನಿಲ್ಲಿಸಿದಳು. ಇನ್ನೊಂದು ಮಾತು ಗಂಟಲಿಗೆ ಬಂದು ಕೂತಿತ್ತು. ಅದನ್ನು ಹೇಳಿ ಕನಿಕರ ಗಿಟ್ಟಿಸಿಕೊಳ್ಳುವ ಹೊತ್ತು ಇದಲ್ಲ ಎಂದು ಅವಳಿಗೇ ಅನ್ನಿಸಿತು.

"ಎರಡು ವರ್ಷ," ಎಂದ ವಿನೀತ್. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಎರಡು ವರ್ಷ ನಿನ್ನ ಮಾತು ನಂಬಿ ಜನರ ಮನೆ ಬಾಗಿಲು ತಟ್ಟಿದ್ದೀನಿ. ಇನ್ಮೇಲೆ ನೀನು ಹೇಳಿದ್ದನ್ನ ಬೇರೆ ಯಾರನ್ನಾದರೂ ಕೇಳಿ ನೋಡಬೇಕಾಗತ್ತೆ ದೇವಿ."

ಅವನು ಜೀಪು ಶುರು ಮಾಡಿದ.

ಕುಮಾರನ್ ಬೆಳಗಿನ ಚಹಾ ಮುಗಿಸಿ ಆಗಲೇ ಕೆಲಸ ಶುರು ಮಾಡಿದ್ದ. ಮೇಜಿನ ಮೇಲೆ ಕೆಂಪು ಬಟ್ಟೆ ಎರಡು ತುಂಡಾಗಿ ಬಿದ್ದಿತ್ತು. ಕತ್ತರಿ ಸರಿಯಾಗಿ ಅಕ್ಷರಗಳ ನಡುವೆಯೇ ಹಾದುಹೋಗಿತ್ತು. ಒಂದು ತುಂಡಿನಲ್ಲಿ ನೋಂಪಿ, ಇನ್ನೊಂದರಲ್ಲಿ ಪದುಮಕ್ಕ.

"ಮೂಲ ಇಲ್ಲದ್ದು ಅಂತ ಚೀಟಿ ಇತ್ತಲ್ಲ ಮೋಳೇ, ನಿನ್ನದೇ ಕೈಬರಹ," ಎಂದ ಕುಮಾರನ್ ಗಾಬರಿಯಾಗಿ.

"ನಿಮ್ಮ ತಪ್ಪಲ್ಲ ಕುಮಾರೇಟ್ಟ. ನನ್ನದು," ಎಂದು ದೇವಿ ಎರಡು ತುಂಡನ್ನೂ ಮಡಿಲಿಗೆ ಹಾಕಿಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ವಿನೀತ್ ಸಮಾಧಾನ ಮಾಡಲಿಲ್ಲ. ಹೊರಗೆ ಹೋಗಿ ನಿಂತ.

ಅವತ್ತೇ ಅವಳು ಒಬ್ಬಳೇ ಬಸ್ಸು ಹತ್ತಿ ಮುಳ್ಳನ್‌ಕೊಲ್ಲಿಗೆ ಹೋದಳು. ಮೆಣಸು ಒಣಹಾಕಿದ ಅಂಗಳದಲ್ಲಿ ನಿಂತು, ಸಜಿತಳ ತಾಯಿಯ ಎದುರೇ ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ.

ಸಜಿತ ಆ ಎರಡು ತುಂಡುಗಳನ್ನು ಮೊಣಕಾಲ ಮೇಲೆ ಜೋಡಿಸಿಟ್ಟಳು.

"ವಿನೀತೇಟ್ಟನನ್ನ ನಾನು ಕಟ್ಟಿಕೊಳ್ತೀನಿ ಅಂದುಕೊಂಡಿರಾ?"

"ಹೂಂ."

"ಅವರು ನನಗೆ ಕನ್ನಡ ಕಲಿಸಿದ್ದು ಹೇಗೆ ಗೊತ್ತಾ ಚೇಚಿ? 'ದೇವಿ ಹೀಗೆ ಹೇಳ್ತಾಳೆ, ದೇವಿ ಹಾಗೆ ಹೇಳ್ತಾಳೆ.' ಪಾಠ ಪೂರ್ತಿ ನಿಮ್ಮದೇ ಮಾತು. ನನಗೆ ಬೋರು ಬಂದುಬಿಟ್ಟಿತ್ತು." ಅವಳು ನಗಲಿಲ್ಲ. "ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆದರೆ ನೀವೇ ಬರಬೇಕು. ಆ ಅಮ್ಮನಿಗೆ ಇದನ್ನ ಓದಿ ಹೇಳೋರು ಬೇರೆ ಯಾರೂ ಇಲ್ಲ."

ಭಾನುವಾರ ಬೆಳಿಗ್ಗೆ ಮೂವರೂ ಜೀಪಿನಲ್ಲಿ ಮುತ್ತಂಗದ ಕಾಡು ದಾಟಿ ಗುಂಡ್ಲುಪೇಟೆಗೆ ಹೋದರು. ಈ ಸಲ ದೇವಿ ಹಿಂದೆ ಕೂತಿದ್ದಳು. ವಿನೀತ್ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದ, ಅದೂ ಮಲಯಾಳದಲ್ಲಿ. ಬಯ್ಗುಳಕ್ಕಿಂತ ಅದು ಹೆಚ್ಚು ಉರಿಯುತ್ತಿತ್ತು.

ಶರತ್ ಬಾಗಿಲು ತೆರೆದ. ಅವನ ತಾಯಿ ಅಡುಗೆಮನೆಯಿಂದ ಬಂದು, ಸಜಿತಳನ್ನು ನೋಡಿ, ಅಲ್ಲೇ ಗೋಡೆಗೊರಗಿ ನಿಂತರು. ಕೂರಿ ಎನ್ನಲಿಲ್ಲ.

ದೇವಿ ಎರಡು ತುಂಡನ್ನೂ ಚಾಪೆಯ ಮೇಲೆ ಹಿಂಬದಿ ಮೇಲಾಗಿ ಜೋಡಿಸಿದಳು. ಹೊಸ ಚೀಟಿಯನ್ನು ಪಕ್ಕದಲ್ಲಿಟ್ಟಳು. ಆಕೆ ಕನ್ನಡಕ ಹಾಕಿಕೊಂಡು ಮೊದಲು ಹೊಲಿಗೆಯ ಹೆಸರನ್ನು ಓದಿದರು, ಬೆರಳಿಟ್ಟು, ಒಂದೊಂದೇ ಅಕ್ಷರ. ಆಮೇಲೆ ಚೀಟಿ ಓದಿದರು.

'ಓಲೆಗ್ರಂಥದ ಬಟ್ಟೆ. ಪದುಮಕ್ಕನದು. ಮುಳ್ಳನ್‌ಕೊಲ್ಲಿಯ ಸಜಿತಳ ಮನೆಯವರು ನಾಲ್ಕು ತಲೆಮಾರು ಮುಕ್ಕಾಗದಂತೆ ಕಾಪಾಡಿದ್ದು. ಮೂಲ ಗುರುತಿಸಿದವಳು ಹೊಟ್ಟೆಕಿಚ್ಚಿನಿಂದ ಸುಳ್ಳು ಬರೆದ ಕಾರಣ ಕತ್ತರಿ ಬಿದ್ದಿದೆ. ಮರುದೇವಿ.'

"ಈ ಮರುದೇವಿ ಯಾರು?"

"ನಾನೇ ಅಮ್ಮ."

"ನಿಂಗೆ ಇದು ಏನು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಾನೂ ಅನಂತ ನೋಂಪಿ ಹಿಡಿದು ಒಂಬತ್ತು ವರ್ಷ ಆಯ್ತು. ಇನ್ನೂ ಐದು ಐತೆ. ಹೊಟ್ಟೆ ಹಸಿದಾಗ ಸಿಟ್ಟು ಬತ್ತದೆ, ಯಾರ್ಯಾರ ಮ್ಯಾಲೋ ಕಿಚ್ಚು ಬತ್ತದೆ. ಪದುಮಕ್ಕಂಗೂ ಬಂದಿರ್ತದೆ. ಅದನ್ನ ಬರೆದು ಕೆಳಗೆ ಹೆಸರು ಹಾಕ್ದೋಳು ನಾ ಕಂಡಂಗೆ ನೀನೊಬ್ಬಳೇಯ."

ಆಕೆ ಮಗನ ಕಡೆ ತಿರುಗಿದರು.

"ಶರತ, ಸೂಜಿ ದಾರ ತತ್ತಾ. ದಾನ ಕೊಟ್ಟ ಬಟ್ಟೇನ ಹರಕು ಮಡಗಬಾರದು." ಆಕೆ ಚಾಪೆಯ ಮೇಲೆ ಕೂತರು. ಒಂದು ತುಂಡನ್ನು ಮಡಿಲಿಗೆ ಎಳೆದುಕೊಂಡು ಸುತ್ತ ನೋಡಿದರು. ಅವರ ಕಣ್ಣು ದೇವಿಯನ್ನು ದಾಟಿ ಬಾಗಿಲ ಬಳಿ ನಿಂತವಳ ಮೇಲೆ ನಿಂತಿತು.

"ನೀನು ಬಾ. ಈ ಕಡೆ ತುದಿ ಹಿಡ್ಕೊ. ಗಟ್ಟಿಯಾಗಿ."

ಸಜಿತ ಬಂದು ಎದುರು ಕೂತಳು. ತುದಿ ಹಿಡಿದಳು.

"ಹಿಡ್ಕೊ... ಹಿಡ್ಕೊಂಡಿದ್ದೀನಿ, ಅಮ್ಮ," ಎಂದಳು ತಪ್ಪಿಲ್ಲದ ಕನ್ನಡದಲ್ಲಿ.

ಆಕೆ ಸೂಜಿ ನಿಲ್ಲಿಸಿ ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಹೊಲಿಯತೊಡಗಿದರು. ಶರತ್ ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡ.

ಊಟ ಮುಗಿಸಿಕೊಂಡು ಸಜಿತಳನ್ನು ತಾನೇ ಕರೆತರುತ್ತೇನೆಂದು ಶರತ್ ಹೇಳಿದ. ಹಾಗಾಗಿ ಮಧ್ಯಾಹ್ನ ಹಿಂದಿರುಗುವಾಗ ಜೀಪಿನಲ್ಲಿ ಇಬ್ಬರೇ. ದೇವಿ ಹಿಂದೆ ಹತ್ತಲು ಹೋದಳು.

"ಮುಂದೆ ಕೂತ್ಕೊ," ಎಂದ ವಿನೀತ್. ಕನ್ನಡದಲ್ಲಿ.

ಮುತ್ತಂಗದ ಚೆಕ್‌ಪೋಸ್ಟಿನಲ್ಲಿ ತರಕಾರಿ ಲಾರಿಗಳ ಸಾಲು ಉದ್ದಕ್ಕೆ ನಿಂತಿತ್ತು. ವಿನೀತ್ ಎಂಜಿನ್ ಆರಿಸಿದ. ಎದುರಿನ ಲಾರಿಯಿಂದ ಎಲೆಕೋಸಿನ ವಾಸನೆ ಬರುತ್ತಿತ್ತು. ಇಂಥ ಮಾತಿಗೆ ಇದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ, ಏನು ಮಾಡುವುದು.

"ಬತ್ತೇರಿಗೆ ಹೋಗೋವಾಗ ನೀನು ಅರ್ಧ ಹೇಳಿ ನಿಲ್ಲಿಸಿದೆ."

"ಸಜಿತ ಉಳಿದದ್ದು ಹೇಳಿರಬೇಕಲ್ಲ."

"ಅವಳು ಹೇಳಿದಳು. ನನಗೆ ನಿನ್ನ ಬಾಯಲ್ಲಿ ಕೇಳಬೇಕು."

ದೇವಿ ಚೂಡಿದಾರದ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. 'ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ...'

"ನನ್ನ ಮಾತಿಗೆ ಬೆಲೆಯಿದ್ದ ಕಾಲದಲ್ಲಿ ಇದನ್ನ ಹೇಳಬೇಕಿತ್ತು. ಎರಡು ವರ್ಷ ಹೇಳಲಿಲ್ಲ. ನೀವು ಬಾಗಿಲಿಗೆ ಬಂದ ಕೂಡಲೇ ನಾನು ಕೆಲಸ ಮಾಡೋ ಹಾಗೆ ನಟಿಸ್ತೀನಿ. ಆ ಹೊತ್ತಲ್ಲಿ ಬಟ್ಟೆ ತಲೆಕೆಳಗಾಗಿದ್ದರೂ ನನಗೆ ಕಾಣಲ್ಲ. ನೀವು ಇನ್ನೊಬ್ಬಳನ್ನ ನೋಡಿ ನಕ್ಕರೆ ನನಗೆ ಅನ್ನ ಇಳಿಯಲ್ಲ. ನೀವಂದರೆ ನನಗೆ ಇಷ್ಟ, ವಿನೀತ್. ಬಹಳ ಇಷ್ಟ." ಅವಳು ಉಸಿರು ತೆಗೆದುಕೊಂಡಳು. "ನಂಬಿ ಅಂತ ಕೇಳೋ ಮುಖ ನನಗಿಲ್ಲ. ಯಾರನ್ನ ಬೇಕಾದರೂ ಕೇಳಿ ನೋಡಿ."

"ಯಾರನ್ನೂ ಕೇಳಲ್ಲ."

ಅವಳು ತಿರುಗಿ ನೋಡಿದಳು. ಅವನ ಕಣ್ಣಂಚು ಒದ್ದೆಯಾಗಿತ್ತು.

"ಅವತ್ತು ಸಿಟ್ಟಲ್ಲಿ ಹಾಗಂದೆ. ಅಂದ ಮೇಲೆ ನಾಲ್ಕು ದಿನ ನನಗೂ ನಿದ್ದೆ ಇಲ್ಲ. ಸುಕುಮಾರೇಟ್ಟನ ಗೋದಾಮು ಬತ್ತೇರಿಯಲ್ಲೇ ಇದೆ. ತಂದ ಸಾಮಾನೆಲ್ಲ ಅಲ್ಲೇ ಇಳಿಸು, ವಾರಕ್ಕೊಂದು ಸಲ ದೇವಿ ಬಂದು ನೋಡಿ ಹೋಗ್ತಾಳೆ ಅಂತ ಅವರು ಶುರುವಿನಲ್ಲೇ ಹೇಳಿದ್ದರು. ನಾನು ಒಂದೊಂದಾಗಿ ಮೀನಂಗಡಿಗೆ ಹೊತ್ತು ತಂದೆ. ಒಂದು ಬಟ್ಟಲು ಇದ್ದರೂ ಜೀಪು ತಿರುಗಿಸಿಕೊಂಡು ಬಂದೆ."

"ಯಾಕೆ?"

"ಕಂಡುಹಿಡಿಯೋದು ನಿನ್ನ ಕೆಲಸ ಅಲ್ವಾ?"

ದೇವಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

"ಈಚೆಗೆ ನಾನು ತಪ್ಪು ಹೇಳ್ತಿದ್ದೀನಿ. ನೀವೇ ಹೇಳಿಬಿಡಿ."

ಮುಂದಿನ ಲಾರಿ ಚಲಿಸಿತು. ಹಿಂದಿನವರು ಹಾರ್ನ್ ಹೊಡೆದರು. ವಿನೀತ್ ಎಂಜಿನ್ ಶುರು ಮಾಡಲಿಲ್ಲ.

"ನಿನ್ನ ನೋಡಲಿಕ್ಕೆ," ಎಂದ ಅವನು.